ಊರಿನ ಮನೆಗೆ ದೂರದಿಂದ ಕೆಲಸ ಹೇಳುವವರಿಗೆ

ಮುಂಬಯಿ, ಬೆಂಗಳೂರು, ದುಬೈ, ಮಸ್ಕತ್ತುಗಳಲ್ಲಿ ದುಡಿಯುತ್ತಾ ಕರಾವಳಿಯಲ್ಲೊಂದು ಮನೆ ಉಳಿಸಿಕೊಂಡಿರುವ ನಮ್ಮೂರಿನವರೇ,

ದೀಪಾವಳಿ ಕಳೆದು ಮಣ್ಣು ಒಣಗುತ್ತಿದ್ದಂತೆ ನಿಮ್ಮ ಫೋನುಗಳು ಬರತೊಡಗುತ್ತವೆ. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಬೇಕು, ಗೇಟು ಬದಲಾಯಿಸಬೇಕು, ಟೆರೇಸಿನ ಮೇಲೆ ಶೀಟು ಹೊದೆಸಬೇಕು, ಪಾಗಾರ ಎತ್ತರಿಸಬೇಕು. ಮೇಸ್ತ್ರಿ ಒಂದು ಮೊತ್ತ ಹೇಳುತ್ತಾರೆ. ವಾಟ್ಸಾಪಿನಲ್ಲಿ ಬಂದ ಫೋಟೊಗಳನ್ನು ನೋಡಿ ನೀವು ಬಣ್ಣ ಆರಿಸುತ್ತೀರಿ, ಹಣ ಕಳಿಸುತ್ತೀರಿ. ಮೇ ತಿಂಗಳ ರಜೆಗೆ ಬಂದಾಗ ಎಲ್ಲವೂ ಹೊಸದಾಗಿ ಹೊಳೆಯುತ್ತಿರುತ್ತದೆ. ನೀವು ಮರಳಿ ಹೋದ ಮೇಲೆ ಮಳೆ ಹಿಡಿಯುತ್ತದೆ. ಮೂರು ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ಬುಡ ತೂತು ಬಿದ್ದಿರುತ್ತದೆ, ಅಂಗಳ ಅಲ್ಲಲ್ಲಿ ಕುಸಿದಿರುತ್ತದೆ, ಶೀಟಿನ ಸ್ಕ್ರೂಗಳ ಸುತ್ತ ಕೆಂಪು ಕಲೆ ಹರಡಿರುತ್ತದೆ. ಮತ್ತೆ ಫೋನು, ಮತ್ತೆ ಹಣ. ಈ ನಡುವಿನ ವರ್ಷಗಳಲ್ಲಿ ಆ ಅಂಗಳದಲ್ಲಿ ಓಡಾಡುವವರು ನಿಮ್ಮ ಅಪ್ಪ, ಅಮ್ಮ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕೊಡೆ ಹಿಡಿದು ಬಾವಿಕಟ್ಟೆಗೆ ನಡೆಯುವವರು ಅವರು. ಈ ಪತ್ರ ಬರೆಯಲು ಅದೇ ಕಾರಣ.

ನಾನು ಇಲ್ಲಿಯೇ ಇರುವವನು. ನಿಮ್ಮಲ್ಲಿ ಹಲವರ ಮನೆಯ ಕೆಲಸ ನಡೆಯುವಾಗ ಹತ್ತಿರ ನಿಂತು ನೋಡಿದವನು. ನೀವು ಕಳಿಸುವ ಹಣಕ್ಕೆ ಕೊರತೆಯಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಕಣ್ಣಿಗೆ ಕಾಣುವ ಮೈಗೆ ಹೋಗುತ್ತದೆ. ಹೊರಗೆ ಮಳೆ ಗಾಳಿಗೆ ನಿಂತ ಯಾವ ವಸ್ತುವೂ ಮೊದಲು ಮೈಯಲ್ಲಿ ಹಾಳಾಗುವುದಿಲ್ಲ. ಬುಡದಲ್ಲಿ, ಅಂಚಿನಲ್ಲಿ, ಬೆಸುಗೆಯಲ್ಲಿ, ಮೊಳೆ ಹೊಡೆದಲ್ಲಿ ಅದರ ಅಳಿವು ಶುರು. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ. ಖರ್ಚು ಮಾಡಬೇಕಾದ ಜಾಗವೂ ಅದೇ.

ಇಲ್ಲಿನ ಹವೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಹೆಚ್ಚುಕಡಿಮೆ ಇದರ ಕಾಲುಭಾಗ. ದುಬೈಯಲ್ಲಿ ಉಪ್ಪುಗಾಳಿಯೂ ಉಂಟು, ಬಿಸಿಲೂ ಉಂಟು, ಮಳೆ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ನೀವಿರುವ ಊರಿನಲ್ಲಿ ಹತ್ತು ವರ್ಷ ಹೊಸದರಂತೆ ನಿಂತದ್ದನ್ನು ಕಂಡು ಅದನ್ನೇ ಇಲ್ಲಿ ಹಾಕಿಸಿದರೆ ಅಷ್ಟು ಬಾಳುತ್ತದೆಂದು ನಂಬಬೇಡಿ. ಇಲ್ಲಿ ನಾಲ್ಕು ತಿಂಗಳು ಒಣಗದೆ ನೆನೆಯಬೇಕು, ಮತ್ತೆ ಎಂಟು ತಿಂಗಳು ಸುಡುವ ಬಿಸಿಲು ಉಣ್ಣಬೇಕು, ವರ್ಷವಿಡೀ ಉಪ್ಪು ತಡೆಯಬೇಕು.

ಈ ಮೂರನ್ನೂ ತಡೆದು ತೋರಿಸಿದ ವಸ್ತುಗಳು ನಮ್ಮ ಕಣ್ಣೆದುರೇ ಇವೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಆ ಕಾಲದ ಕಾರ್ಖಾನೆಗಳ ಹೆಸರು ಒತ್ತಿದ ಹಂಚುಗಳನ್ನು ಹಳೆಯ ಮನೆ ಬಿಚ್ಚಿದಲ್ಲಿ ಇಂದಿಗೂ ಇಳಿಸಿ, ತೊಳೆದು, ಇನ್ನೊಂದು ಮಾಡಿಗೆ ಏರಿಸುತ್ತಾರೆ. ಹಳೆಯ ಮಾಡು ಸೋರಿದಾಗ ಹಂಚನ್ನು ದೂರಬೇಡಿ. ಕೊಳೆತಿರುವುದು ಅದರಡಿಯ ರೀಪು, ಪಕ್ಕಾಸಿನ ತುದಿ, ಗೋಡೆಗೆ ಮಾಡು ಕೂಡುವ ಸಂದಿ. ಹಂಚಿನ ಮನೆಯನ್ನು ಕೆಡವಿ ಸ್ಲಾಬು ಹಾಕುವ ಯೋಚನೆ ಇದ್ದವರು ಮೊದಲು ಒಬ್ಬ ಬಡಗಿಯನ್ನು ಮೇಲೆ ಹತ್ತಿಸಿ ಮರ ಎಷ್ಟು ಹೋಗಿದೆ ನೋಡಿಸಿ. ಮರ ಬದಲಿಸಿದರೆ ಸಾಕೆಂದಾದರೆ, ಇನ್ನೊಂದು ತಲೆಮಾರಿಗೆ ಆಗುವ ಮಾಡು ಸಣ್ಣ ಖರ್ಚಿನಲ್ಲಿ ಸಿಕ್ಕಂತಾಗುತ್ತದೆ.

ಸ್ಲಾಬಿನ ಮನೆ ಕಟ್ಟಿದ ಹೆಚ್ಚಿನವರು ಈಗ ಅದರ ಮೇಲೆ ಶೀಟು ಹೊದೆಸುತ್ತಿದ್ದಾರೆ. ನಮ್ಮ ಮಳೆಗೆ ಅದು ಬೇಕಾದದ್ದೇ. ಆದರೆ ನೀವು ಕೇಳುವ ಪ್ರಶ್ನೆ ಒಂದೇ, ಯಾವ ಬಣ್ಣ ಎಂದು. ಬಣ್ಣದಡಿಯಲ್ಲಿ ಉಕ್ಕಿಗೆ ಎಷ್ಟು ಸತು ಬಳಿದಿದ್ದಾರೆ ಎಂದು ಕೇಳಿ. ಸತು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ; ಎಷ್ಟು ದಪ್ಪ ಇದೆಯೋ ಅಷ್ಟು ವರ್ಷ ಕಾಯುತ್ತದೆ. ಅದರ ಲೆಕ್ಕ ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು, ಎರಡೂ ಮೈ ಸೇರಿಸಿ. 120 ಗ್ರಾಂ ಎಂದರೆ ಒಂದು ಮೈಗೆ ಬರುವುದು ಸುಮಾರು 8 ಮೈಕ್ರಾನು. 275 ಗ್ರಾಂ ಎಂದರೆ 19ರಷ್ಟು. ಎರಡರ ಮೇಲೂ ಅದೇ ನೀಲಿ ಬಣ್ಣ ಇರಬಹುದು, ಫೋಟೊದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನೂರಕ್ಕೆ 55 ಪಾಲು ಅಲ್ಯೂಮಿನಿಯಂ, ಉಳಿದದ್ದರಲ್ಲಿ ಹೆಚ್ಚಿನದು ಸತು ಇರುವ ಲೇಪನದ ಶೀಟು ಬಯಲಿನಲ್ಲಿ ಬರೀ ಸತುವಿನದಕ್ಕಿಂತ ಹೆಚ್ಚು ಬಾಳುತ್ತದೆ. ಅದರಲ್ಲಿ 150 ಗ್ರಾಮಿನದನ್ನು ಕೇಳಿ. ಹಟ್ಟಿಯ ಮೇಲೆ ಮಾತ್ರ ಅದನ್ನು ಹಾಕಿಸಬೇಡಿ. ಸೆಗಣಿ ಗಂಜಲದ ಅಮೋನಿಯ ಆ ಲೇಪನವನ್ನು ತಿನ್ನುತ್ತದೆ. ದನ ಕಟ್ಟುವಲ್ಲಿಗೆ ಹಂಚೇ ಸರಿ.

ದಪ್ಪದಲ್ಲಿಯೂ ಒಂದು ಗುಟ್ಟಿದೆ. 0.5 ಮಿಲಿಮೀಟರ್ ಶೀಟು ಎಂದು ಅಂಗಡಿಯಲ್ಲಿ ಹೇಳುವುದು ಹೆಚ್ಚಾಗಿ ಬಣ್ಣ, ಲೇಪನ ಎಲ್ಲ ಸೇರಿದ ದಪ್ಪ. ಅದನ್ನು ಟಿಸಿಟಿ ಎನ್ನುತ್ತಾರೆ. ಒಳಗಿನ ಉಕ್ಕಿನ ದಪ್ಪಕ್ಕೆ ಬಿಎಂಟಿ ಎಂದು ಹೆಸರು. ನೀವು ಬಿಎಂಟಿ ಎಷ್ಟು ಎಂದು ಕೇಳಿದ ಕ್ಷಣವೇ ಮಾತಿನ ದಾರಿ ಬದಲಾಗುತ್ತದೆ, ನೋಡಿ.

ಇಷ್ಟೆಲ್ಲ ಆರಿಸಿ ತಂದ ಶೀಟನ್ನು ಕೆಲಸದವರು ಅಂಗಳದಲ್ಲಿ ಗ್ರೈಂಡರ್ ಹಿಡಿದು ಕೊಯ್ದರೆ ಆರಿಸಿದ್ದು ನೀರಿಗೆ ಹೋದಂತೆ. ಕೊಯ್ದ ಅಂಚಿನ ಲೇಪನ ಸುಟ್ಟುಹೋಗುತ್ತದೆ. ಸಿಡಿದ ಕಿಡಿಗಳು ಶೀಟಿನ ಮೈಮೇಲೆ ಕೂತು ಒಂದೊಂದೂ ಒಂದೊಂದು ತುಕ್ಕಿನ ಚುಕ್ಕೆಯಾಗುತ್ತದೆ. ಅಳತೆಗೆ ಸರಿಯಾಗಿ ಕಾರ್ಖಾನೆಯಲ್ಲೇ ಕೊಯ್ಯಿಸಿ ತರಿಸಿ. ಇಲ್ಲಿ ಕೊಯ್ಯಲೇಬೇಕಾದರೆ ತಗಡು ಕತ್ತರಿಯಿಂದ ಕೊಯ್ಯಲಿ. ಸ್ಕ್ರೂವಿನ ವಿಷಯವೂ ಹಾಗೆಯೇ: ಶೀಟಿಗೆ ಲಕ್ಷಗಟ್ಟಲೆ ಸುರಿದವರು ಸ್ಕ್ರೂವಿಗೆ ಕೆಲವು ಸಾವಿರ ಉಳಿಸುತ್ತಾರೆ. ಅದರಡಿಯ ರಬ್ಬರು ವಾಶರು ಇಪಿಡಿಎಂ ಜಾತಿಯದಾಗಿರಲಿ. ಸಾಧಾರಣ ರಬ್ಬರು ಬಿಸಿಲಿಗೆ ಸಿಡಿದು ಎರಡನೆಯ ಮಳೆಗಾಲಕ್ಕೇ ತೊಟ್ಟಿಕ್ಕುತ್ತದೆ. ಬೆಳಕಿಗೆಂದು ನಡುವೆ ಪಾಲಿಕಾರ್ಬೊನೇಟ್ ಹಾಕಿಸುವವರು ಇನ್ನೊಂದು ಗಮನಿಸಬೇಕು. ಆ ಶೀಟಿಗೆ ಬಿಸಿಲು ತಡೆಯುವ ಪದರ ಸಾಮಾನ್ಯವಾಗಿ ಒಂದೇ ಮೈಗೆ ಇರುತ್ತದೆ. ಯಾವ ಮೈ ಮೇಲೆ ಬರಬೇಕೆಂದು ಅದರ ಹಾಳೆಯ ಮೇಲೆ ಬರೆದಿರುತ್ತದೆ. ತಿರುಗಿಸಿ ಹಾಕಿದರೆ ಬೇಗನೆ ಹಳದಿಗಟ್ಟಿ ಒಡೆಯುತ್ತದೆ.

ಗೇಟಿನ ಮಾತಿಗೆ ಬರುತ್ತೇನೆ. ನಮ್ಮ ಊರುಗಳಲ್ಲಿ ಇದಕ್ಕೆ ಹಾಳಾಗುವಷ್ಟು ಹಣ ಬೇರೆ ಯಾವುದಕ್ಕೂ ಹಾಳಾಗುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ. ಚೌಕ ಪೈಪುಗಳನ್ನು ಬೆಸುಗೆ ಹಾಕಿ, ಒಂದು ಕೈ ರೆಡ್ ಆಕ್ಸೈಡ್ ಬಳಿದು, ಮೇಲೆ ಕಪ್ಪು ಬಂಗಾರದ ಬಣ್ಣ. ಹೊರಮೈಗೆ ನೀವು ಎಷ್ಟು ಪೈಂಟು ಹೊಡೆದರೂ ಪೈಪಿನ ಒಳಮೈ ಬರಿದು. ಬಾಯಿ ಸರಿಯಾಗಿ ಮುಚ್ಚದ ಪೈಪಿನೊಳಗೆ ಮಳೆನೀರು ಇಳಿದು ಕೆಳಗಿನ ಅಡ್ಡಪಟ್ಟಿಯಲ್ಲಿ ನಿಲ್ಲುತ್ತದೆ. ತೂತು ಹೊರಗೆ ಕಾಣುವ ಹೊತ್ತಿಗೆ ಒಳಗಿನಿಂದ ಎಲ್ಲ ತಿಂದು ಮುಗಿದಿರುತ್ತದೆ. ಆದ್ದರಿಂದ ಪೈಪಿನ ಬಾಯಿಗಳನ್ನೆಲ್ಲ ಬೆಸುಗೆಯಲ್ಲೇ ಮುಚ್ಚಿಸಿ, ತೀರಾ ಕೆಳಗಿನ ಪೈಪಿಗೆ ಅಡಿಯಲ್ಲೊಂದು ಸಣ್ಣ ತೂತು ಕೊರೆಸಿ, ಸೇರಿದ ನೀರು ಇಳಿದುಹೋಗಲಿ. ಗೇಟಿನ ಕೆಳಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಸತು ಲೇಪಿಸಿದ ಜಿಐ ಪೈಪನ್ನೇ ತಂದರೂ ಬೆಸುಗೆ ತಾಗಿದಲ್ಲಿ ಸತು ಸುಟ್ಟುಹೋಗುತ್ತದೆ. ಆ ಜಾಗಗಳನ್ನು ಉಜ್ಜಿ ಸತು ತುಂಬಿದ ಪ್ರೈಮರು ಹಚ್ಚದಿದ್ದರೆ ತುಕ್ಕು ಅಲ್ಲಿಂದಲೇ ಹೊರಡುತ್ತದೆ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ, ಬೆಸುಗೆ ಪೂರ್ತಿಯಾದ ಇಡೀ ಗೇಟನ್ನೇ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುವ ಹಾಟ್ ಡಿಪ್ ಪದ್ಧತಿ ಇದೆ. ಹಾಗೆ ಮಾಡಿಸುವುದಾದರೆ ಪೈಪಿನ ಬಾಯಿಗಳನ್ನು ಮುಂಚೆಯೇ ಮುಚ್ಚಿಸಬಾರದು; ಆಗ ಒಳಮೈಗೂ ಹೊರಮೈಗೂ ಒಟ್ಟಿಗೆ ಸತು ಹಿಡಿಯುತ್ತದೆ. ಅದರ ಮುಂದೆ ಬಂಗಾರದ ಹೂಬಳ್ಳಿಯ ವಿನ್ಯಾಸ ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಸ್ಟೀಲಿನ ಗೇಟು, ಮೆಟ್ಟಿಲಿನ ಕೈಹಿಡಿ ಎಂದ ತಕ್ಷಣ ತುಕ್ಕೇ ಬಾರದೆಂದು ತಿಳಿಯಬೇಡಿ. ಪೇಟೆಯಲ್ಲಿ 202 ಎಂಬ ಗ್ರೇಡು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ನಿಕ್ಕಲ್ಲು ಕಡಿಮೆ, ಆ ಜಾಗಕ್ಕೆ ಮ್ಯಾಂಗನೀಸು. ಸಮುದ್ರದ ಗಾಳಿಗೆ ಬೇಗ ಕಂದು ಹಿಡಿಯುತ್ತದೆ. 304 ಒಳನಾಡಿಗೆ ಸಾಕು. ಮಲ್ಪೆ, ಉಳ್ಳಾಲ, ಮರವಂತೆಯಂಥ ಕಡಲ ಮಗ್ಗುಲಿನ ಮನೆಗೆ 316 ಬೇಕು. ಅದರಲ್ಲಿ ಸೇರಿಸಿರುವ 2ರಿಂದ 3 ಶೇಕಡಾ ಮಾಲಿಬ್ಡಿನಂ ಉಪ್ಪಿಗೆ ಎದುರು ನಿಲ್ಲುತ್ತದೆ. ಅಯಸ್ಕಾಂತ ಹಿಡಿದು ನೋಡುವ ಪರೀಕ್ಷೆಯನ್ನು ನಂಬಬೇಡಿ, 202ಕ್ಕೂ 304ಕ್ಕೂ ಅದು ವ್ಯತ್ಯಾಸ ಹೇಳುವುದಿಲ್ಲ. ಬಿಲ್ಲಿನಲ್ಲಿ ಗ್ರೇಡು ಬರೆಸಿಕೊಳ್ಳುವುದೊಂದೇ ದಾರಿ. ಇನ್ನೊಂದು ಸಂಗತಿ ಹಲವರಿಗೆ ಆಶ್ಚರ್ಯ ತರುತ್ತದೆ: ಮಳೆಗೆ ನೇರ ಒಡ್ಡಿಕೊಂಡ ಗ್ರಿಲ್ಲಿಗಿಂತ ಸೂರಿನಡಿಯ ಗ್ರಿಲ್ಲು ಬೇಗ ತುಕ್ಕು ಹಿಡಿಯುವುದುಂಟು. ಹೊರಗಿನದರ ಉಪ್ಪನ್ನು ಮಳೆ ತೊಳೆಯುತ್ತದೆ, ಒಳಗಿನದಕ್ಕೆ ಆ ಭಾಗ್ಯವಿಲ್ಲ. ನವೆಂಬರಿನಿಂದ ಮೇವರೆಗೆ ತಿಂಗಳಿಗೊಮ್ಮೆ ಬಾವಿಯ ಸಿಹಿನೀರು ಎರಚಿ ಒರೆಸಲು ಮನೆಯಲ್ಲಿ ಯಾರಿಗಾದರೂ ಹೇಳಿಡಿ. ಪೈಂಟಿಗಿಂತ ದೊಡ್ಡ ಕೆಲಸ ಅದು ಮಾಡುತ್ತದೆ.

ಗೇಟಿನ ಕಂಬ, ಟ್ಯಾಂಕಿ ಕೂರಿಸುವ ಕಟ್ಟೆ, ಹೊರಗಿನ ಮೆಟ್ಟಿಲು, ಇವೆಲ್ಲ ಕಾಂಕ್ರೀಟು. ಐಎಸ್ 456 ಎಂಬ ನಮ್ಮ ದೇಶದ ಮಾನದಂಡದ 2000ರ ಆವೃತ್ತಿ ಕರಾವಳಿಯ ಹವೆಯನ್ನೂ ಜಡಿಮಳೆಗೆ ಒಡ್ಡಿದ ಮೈಯನ್ನೂ ತೀವ್ರ ಎಂಬ ವರ್ಗಕ್ಕೆ ಸೇರಿಸಿದೆ. ಅಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟು ಕನಿಷ್ಠ ಎಂ 30 ದರ್ಜೆಯದಾಗಿರಬೇಕು, ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು, ಸಿಮೆಂಟಿನ ತೂಕಕ್ಕೆ ನೀರಿನ ಪ್ರಮಾಣ 0.45ನ್ನು ದಾಟಬಾರದು. ಈಗ ನಿಮ್ಮ ಗೇಟಿನ ಕಂಬದ ಸರಳು ಎಷ್ಟು ಒಳಗಿದೆ ಎಂದು ಕೇಳಿ ನೋಡಿ. ಅರ್ಧ ಇಂಚೂ ಇರುವುದಿಲ್ಲ. ಉಪ್ಪು ಸರಳನ್ನು ಮುಟ್ಟಿದರೆ ತುಕ್ಕು ಕಬ್ಬಿಣದ ಎರಡು ಪಟ್ಟಿಗೂ ಮಿಕ್ಕಿ ಜಾಗ ಕೇಳುತ್ತದೆ, ಕಾಂಕ್ರೀಟು ಸೀಳುತ್ತದೆ. ಸ್ಲ್ಯಾಗ್ ಸಿಮೆಂಟು ಉಪ್ಪಿನ ಇಳಿತವನ್ನು ನಿಧಾನಿಸುತ್ತದೆ, ಸಿಕ್ಕಿದರೆ ಅದನ್ನೇ ತರಿಸಿ. ಅಳಿವೆಬಾಗಿಲಿನ ಮರಳಿನಲ್ಲಿ ಉಪ್ಪಿರುತ್ತದೆ. ಅದನ್ನು ಚೆನ್ನಾಗಿ ತೊಳೆಯದೆ ಸರಳಿರುವ ಕಾಂಕ್ರೀಟಿಗೆ ಬಳಸಲೇಬಾರದು.

ಪಾಗಾರಕ್ಕೆ ನಮ್ಮ ಕೆಂಪುಕಲ್ಲಿಗಿಂತ ಒಳ್ಳೆಯದು ಇಲ್ಲವೆಂದು ನಾನು ನಂಬಿದವನು. ನೆಲದೊಳಗಿದ್ದಾಗ ಕೊಡಲಿಗೆ ಸಿಗುವಷ್ಟು ಮೆದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಕುಮಟೆಯ ಹತ್ತಿರದ ಮಿರ್ಜಾನ್ ಕೋಟೆ, ಕಾಸರಗೋಡಿನ ಬೇಕಲ ಕೋಟೆ ಇದೇ ಕಲ್ಲಿನವು. ಶತಮಾನಗಳ ಮಳೆಯನ್ನು ಮೈಮೇಲೆ ಹಾಕಿಕೊಂಡು ನಿಂತಿವೆ. ಆದರೆ ಎಲ್ಲ ಪಣೆಯ ಕಲ್ಲೂ ಒಂದೇ ಅಲ್ಲ, ಒಂದೇ ಪಣೆಯ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅಜಗಜಾಂತರ. ಆಳಕ್ಕೆ ಹೋದಂತೆ ಶೇಡಿಮಣ್ಣು ಹೆಚ್ಚು, ಕಲ್ಲಿನಲ್ಲಿ ಬಿಳಿ ಹಳದಿ ಮಚ್ಚೆಗಳು ಹೆಚ್ಚು. ಅಂಥದ್ದು ಮಳೆಗೆ ಕರಗಿ ಜೇನುಗೂಡಿನಂತಾಗುತ್ತದೆ. ಲೋಡು ಇಳಿಸುವ ಮೊದಲು ಒಂದು ಕಲ್ಲನ್ನು ಚೆನ್ನಾಗಿ ಒಣಗಿಸಿ ತೂಗಿಸಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ಮತ್ತೆ ತೂಗಿಸಿ. ಕುಡಿದ ನೀರು ಒಣ ತೂಕದ 12 ಶೇಕಡಾ ಮೀರಬಾರದೆಂದು ಐಎಸ್ 3620 ಹೇಳುತ್ತದೆ. ನಿಮ್ಮ ತಂದೆಯವರು ಅಡಕೆ ತೂಗುವ ತಕ್ಕಡಿಯಲ್ಲೇ ಈ ಪರೀಕ್ಷೆ ಮಾಡಬಹುದು. ಕಡಿದು ತಂದ ಕಲ್ಲನ್ನು ಮರುದಿನವೇ ಕಟ್ಟಬೇಡಿ. ಸ್ವಲ್ಪ ಕಾಲ ಬಿಸಿಲು ಕಾಣಲಿ.

ಕಲ್ಲು ಚೆನ್ನಾಗಿದ್ದೂ ಪಾಗಾರ ಹಾಳಾಗುವುದು ನೆತ್ತಿಯಿಂದ. ಮೇಲ್ಸಾಲು ಬರಿದಾಗಿದ್ದರೆ ಮಳೆ ನೇರ ಒಳಗಿಳಿಯುತ್ತದೆ. ಗೋಡೆಗಿಂತ ಎರಡು ಇಂಚು ಎರಡೂ ಬದಿಗೆ ಚಾಚಿದ ಕರಿಕಲ್ಲಿನ ಹಾಸು ಅಥವಾ ಕಾಂಕ್ರೀಟಿನ ಪಟ್ಟಿ ಹಾಕಿಸಿ. ಚಾಚಿದ ಭಾಗದ ಅಡಿಗೆ ಉದ್ದಕ್ಕೂ ಬೆರಳಗಲದ ಒಂದು ಗೀರು ಕೊಡಿಸಿ. ನೀರು ಆ ಗೀರು ದಾಟಿ ಗೋಡೆಗೆ ಹರಿಯಲಾರದೆ ಕೆಳಗೆ ತೊಟ್ಟಿಕ್ಕುತ್ತದೆ. ಕೆಂಪುಕಲ್ಲು ಕಾಣಬೇಕೆಂದು ಹೊಳೆಯುವ ವಾರ್ನಿಶು ಬಳಿಸುವ ಚಾಳಿ ಈಗ ಹರಡಿದೆ. ಕಲ್ಲು ಬೆನ್ನಿನಿಂದ ನೀರು ಕುಡಿದು ಎದುರಿನಿಂದ ಬಿಡಬೇಕು. ಆ ದಾರಿ ಮುಚ್ಚಿದರೆ ವಾರ್ನಿಶು ಹೆಪ್ಪಳಿಕೆಯಾಗಿ ಏಳುತ್ತದೆ, ಜೊತೆಗೆ ಕಲ್ಲಿನ ಚರ್ಮವೂ ಬರುತ್ತದೆ. ಬೇಕಿದ್ದರೆ ಮೈಮೇಲೆ ಪದರ ಕಟ್ಟದೆ ಒಳಗೆ ಇಂಗುವ ಸಿಲೇನ್ ಜಾತಿಯ ನೀರುತಡೆ ಹಚ್ಚಿಸಿ.

ಗುಡ್ಡ ಕಡಿದು ಮನೆ ಕಟ್ಟಿದವರಿಗೆ ಈ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಮನೆಯ ಹಿಂದಿನ ತಡೆಗೋಡೆಗೆ ನೀರು ಹೊರಬರುವ ತೂತುಗಳಿರಲೇಬೇಕು, ಅದರ ಬೆನ್ನಿಗೆ ಉದ್ದಕ್ಕೂ ಜೆಲ್ಲಿಯ ಪದರ ಇರಲೇಬೇಕು. ಗೋಡೆಯನ್ನು ಬೀಳಿಸುವುದು ಮಣ್ಣಿನ ತೂಕಕ್ಕಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಬಿದ್ದ ನೀರಿನ ಒತ್ತಡ. ಹಾಕಿದ ಪೈಪು ಚಂದ ಕಾಣುವುದಿಲ್ಲವೆಂದು ಸಿಮೆಂಟು ಮೆತ್ತಿ ಮುಚ್ಚಿಸಿದ ಮನೆಗಳನ್ನು ಕಂಡಿದ್ದೇನೆ. ಆ ಗೋಡೆಯ ಕೆಳಗೆ ಮಲಗುವ ಕೋಣೆ ಇರುತ್ತದೆ. ಮುಚ್ಚಿದ್ದರೆ ಈ ಬೇಸಗೆಯಲ್ಲೇ ಬಿಡಿಸಿ. ತಡೆಗೋಡೆ ಆಳೆತ್ತರ ಮೀರಿದ್ದರೆ ಮೇಸ್ತ್ರಿಯ ಅಂದಾಜಿಗೆ ಬಿಡದೆ ಇಂಜಿನಿಯರರ ಕೈಯಲ್ಲಿ ಲೆಕ್ಕ ಹಾಕಿಸಿ.

ಅಂಗಳ. ಇಂಟರ್‌ಲಾಕ್ ಬ್ಲಾಕಿಗೆ ಐಎಸ್ 15658 ಎಂಬ ಮಾನದಂಡವಿದೆ. ಕಾರು ಬಂದುಹೋಗುವ ಅಂಗಳಕ್ಕೆ 60 ಮಿಲಿಮೀಟರ್ ದಪ್ಪದ ಎಂ 35 ಬ್ಲಾಕು ಸಾಕು, ಅಡಕೆ ಗೊಬ್ಬರದ ಲಾರಿ ಬರುವುದಾದರೆ 80 ಮಿಲಿಮೀಟರಿನ ಎಂ 40. ರಬ್ಬರು ಅಚ್ಚಿನಲ್ಲಿ ಎರೆದ ಕನ್ನಡಿಯಂಥ ಬ್ಲಾಕನ್ನು ದಯವಿಟ್ಟು ಬೇಡವೆನ್ನಿ, ಆಟಿ ತಿಂಗಳಲ್ಲಿ ಅದರ ಮೇಲೆ ಎಪ್ಪತ್ತರ ಹಿರಿಯರು ಕಾಲಿಡಬೇಕಾಗುತ್ತದೆ. ಆದರೆ ಬ್ಲಾಕು ಎಷ್ಟೇ ಒಳ್ಳೆಯದಿದ್ದರೂ ಅಂಗಳ ಕುಸಿಯುವುದು ಅಡಿಪಾಯದ ದೋಷದಿಂದ. ಹಳೆಯ ಮಣ್ಣನ್ನು ಅಗೆದು, ಜೆಲ್ಲಿಪುಡಿ ಸೇರಿದ ಜೆಲ್ಲಿಯನ್ನು ಪದರ ಪದರವಾಗಿ ರೋಲರಿನಲ್ಲಿ ಕೂರಿಸಿ, ಅದರ ಮೇಲೆ ಒಂದರಿಂದ ಒಂದೂವರೆ ಇಂಚು ಮರಳು, ಆಮೇಲೆ ಬ್ಲಾಕು. ಸುತ್ತಲಿನ ಅಂಚಿಗೆ ಕಾಂಕ್ರೀಟಿನ ತಡೆ ಇಲ್ಲದಿದ್ದರೆ ಬ್ಲಾಕುಗಳು ವರ್ಷ ವರ್ಷ ಹೊರಗೆ ಸರಿಯುತ್ತವೆ, ಸಂದುಗಳು ಬಾಯಿಬಿಡುತ್ತವೆ. ಹತ್ತು ಅಡಿಗೆ ಎರಡರಿಂದ ಎರಡೂವರೆ ಇಂಚು ಇಳಿಜಾರು ಇರಲಿ, ಆ ಇಳಿಜಾರು ಮನೆಯಿಂದ ದೂರಕ್ಕೆ ಹೋಗಲಿ. ಇಡೀ ಅಂಗಳವನ್ನು ಮುಚ್ಚಬೇಡಿ ಎಂದೂ ಬೇಡಿಕೊಳ್ಳುತ್ತೇನೆ. ಬಾವಿಯ ಸುತ್ತ, ತುಳಸಿಕಟ್ಟೆಯ ಸುತ್ತ ಮಣ್ಣು ಉಳಿಯಲಿ. ಬೇಸಗೆಯಲ್ಲಿ ಬಾವಿಗೆ ನೀರು ಬರಬೇಕಾದದ್ದು ಇದೇ ಮಳೆಯಿಂದ.

ಕಲ್ಲು ಹಾಸುವ ಶಕ್ತಿ ಇದ್ದವರು ಕರಿಕಲ್ಲನ್ನೇ ಹಾಸಿ. ಕಾರ್ಕಳದ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದ್ದು 1432ರಲ್ಲಿ. ಸೂರಿಲ್ಲದೆ, ಬಣ್ಣವಿಲ್ಲದೆ ಅಷ್ಟು ಮಳೆಗಾಲಗಳನ್ನು ಆ ಗ್ರಾನೈಟು ಕಂಡಿದೆ. ಆದರೆ ಹೊರಗೆ ಪಾಲಿಶು ಬೇಡ. ಬೆಂಕಿಯ ಜ್ವಾಲೆ ಹಾಯಿಸಿ ಮೈ ಒರಟು ಮಾಡಿದ ಫ್ಲೇಮ್ಡ್ ಗ್ರಾನೈಟು ಜಾರುವುದಿಲ್ಲ. ಸಾದರಹಳ್ಳಿಯ ಬೂದುಕಲ್ಲು ಹಾಗೆಯೇ ಸಿಗುತ್ತದೆ. ಕಡಪ, ಶಹಾಬಾದ್ ಕಲ್ಲುಗಳು ಸುಣ್ಣದ ಜಾತಿಯವು. ಸೂರಿನಡಿಯ ಜಗಲಿಗೆ ಚೆನ್ನ. ಬಯಲಿನಲ್ಲಿ ಮಳೆಗೆ ಮೈ ಸವೆಯುತ್ತವೆ, ಪಾಚಿ ತೆಗೆಯಲು ಯಾರಾದರೂ ಆಸಿಡು ಸುರಿದರಂತೂ ಉಳಿಯುವುದಿಲ್ಲ.

ಮರದ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಸಾಗುವಾನಿ, ಹಲಸು, ಬೋಗಿ ಯಾವುದೇ ಆಗಲಿ, ಬಾಳುವುದು ಚೇಗು ಮಾತ್ರ. ಸುತ್ತಲಿನ ಬಿಳಿಭಾಗ ಸಾಗುವಾನಿಯದಾದರೂ ಒರಲೆಯ ಪಾಲು. ನಮ್ಮ ಹಳೆಯ ಚಾವಡಿಗಳ ಕಂಬಗಳನ್ನು ನೋಡಿ, ಒಂದೂ ನೆಲಕ್ಕೆ ತಾಗಿ ನಿಂತಿಲ್ಲ, ಪ್ರತಿಯೊಂದರ ಬುಡಕ್ಕೂ ಕಲ್ಲಿನ ಪೀಠವಿದೆ. ಹೊಸದಾಗಿ ಚಪ್ಪರವೋ ಹೊರಜಗಲಿಯೋ ಕಟ್ಟಿಸುವಾಗ ಕಂಬವನ್ನು ಸಿಮೆಂಟಿನೊಳಗೆ ಹೂಳಿಸದೆ ಅದೇ ಕ್ರಮ ಹಿಡಿಯಿರಿ.

ಈಗ ನಿಮ್ಮಿಂದ ಆಗಬೇಕಾದದ್ದು. ಮೇಸ್ತ್ರಿಗಳನ್ನು ನಾನು ದೂರುತ್ತಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೇಲೆ ಬರೆದದ್ದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಚದರಡಿಗೆ ಇಷ್ಟು ಎಂದು ದರ ಮಾತಾಡಿ, ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ ಕೊಟ್ಟರೆ, ಕಣ್ಣಿಗೆ ಕಾಣದ ಕಡೆ ಅವರು ಕಡಿಮೆ ಮಾಡಲೇಬೇಕಾಗುತ್ತದೆ. ದರಪಟ್ಟಿಯಲ್ಲಿ ಸತುವಿನ ಗ್ರಾಂ, ಉಕ್ಕಿನ ಬಿಎಂಟಿ, ಸ್ಟೀಲಿನ ಗ್ರೇಡು, ಬ್ಲಾಕಿನ ದಪ್ಪ, ಜೆಲ್ಲಿಯ ಆಳ ಇಷ್ಟನ್ನು ಬರೆದುಕೊಡಲು ಹೇಳಿ, ಅದಕ್ಕೆ ತಕ್ಕ ಬೆಲೆಯನ್ನೂ ಕೊಡಿ. ಮುಗಿದ ಕೆಲಸದ ಫೋಟೊ ಬೇಡ. ಸರಳು ಕಟ್ಟಿ ಕಾಂಕ್ರೀಟು ಸುರಿಯುವ ಮೊದಲಿನದು, ಜೆಲ್ಲಿ ಕೂರಿಸಿದ ಮೇಲಿನದು, ಗೇಟಿಗೆ ಬಣ್ಣ ಹೊಡೆಯುವ ಮುಂಚಿನದು ತರಿಸಿಕೊಳ್ಳಿ.

ಸಾಧ್ಯವಾದವರು ಒಂದು ವರ್ಷ ಮೇ ರಜೆಯನ್ನು ಬಿಟ್ಟು ಜುಲೈಯಲ್ಲಿ ಬನ್ನಿ. ಕೊಡೆ ಹಿಡಿದು ಮನೆಯನ್ನು ಒಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಅಪ್ಪ ಅಮ್ಮ ಯಾವ ಜಾಗದಲ್ಲಿ ಗೋಡೆ ಹಿಡಿದು ನಡೆಯುತ್ತಾರೆ ಎಂದು ನೋಡಿಟ್ಟುಕೊಳ್ಳಿ. ಬೇಸಗೆಯಲ್ಲಿ ಕೆಲಸ ಹೇಳುವಾಗ ಅಲ್ಲಿಂದಲೇ ಶುರುಮಾಡಲು ಹೇಳಿ. ಬ್ಲಾಕು, ಹಂಚು, ಕಲ್ಲು ಯಾವುದನ್ನು ತರಿಸಿದರೂ ನೂರಕ್ಕೆ ಐದರಂತೆ ಹೆಚ್ಚು ತರಿಸಿ ಕೊಟ್ಟಿಗೆಯ ಬದಿಯಲ್ಲಿ ಪೇರಿಸಿಡಿಸಿ. ಅದೇ ಅಚ್ಚು, ಅದೇ ಬಣ್ಣ ಕೆಲವು ವರ್ಷ ಕಳೆದ ಮೇಲೆ ಸಿಗುವ ಭರವಸೆಯಿಲ್ಲ. ತಂದ ಅಂಗಡಿಯ ಬಿಲ್ಲಿನ ಒಂದು ಪ್ರತಿಯನ್ನು ಅಮ್ಮನ ಕೈಗೂ ಕೊಟ್ಟುಹೋಗಿ.

ಇಂತಿ,
ಊರಿನಲ್ಲಿಯೇ ಉಳಿದ ನಿಮ್ಮವ